ಭಾಗ್ಯನಗರದ ಪುಟ್ಟ ಮನೆಗೆ ರೋಬೋ ವ್ಯಾಕ್ಯೂಮ್: ಒಂದು ಪ್ರಕರಣ

ಮನೆ ಇರುವುದು ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ. ಪಡಸಾಲೆ, ಒಂದು ಮಲಗುವ ಕೋಣೆ, ಅಡುಗೆಮನೆ, ಪಡಸಾಲೆಯ ಮೂಲೆಯಲ್ಲೇ ಪುಟ್ಟ ದೇವರ ಮನೆ, ಮುಂದೆ ಕಟ್ಟೆ. ಎಲ್ಲ ಸೇರಿ 600 ಚದರ ಅಡಿ ಆದೀತು. ಇರುವವರು ಇಬ್ಬರು. ಮನೆಯಮ್ಮ ನಿವೃತ್ತ ಶಿಕ್ಷಕಿ, ಓಣಿಗೆಲ್ಲ 'ಅಕ್ಕೋರು'. ಅವರಿಗೆ ಮೊಣಕಾಲು ನೋವು, ಬಗ್ಗಿ ಕಸ ಹೊಡೆಯಲು ಆಗುವುದಿಲ್ಲ. ಯಜಮಾನರಿಗೆ ದಮ್ಮು, ಧೂಳು ಎದ್ದರೆ ರಾತ್ರಿ ನಿದ್ದೆ ಇಲ್ಲ. ಜೊತೆಗೆ ರಾಣಿ ಎಂಬ ವಯಸ್ಸಾದ ಬಿಳಿ ಪಮೇರಿಯನ್, ಮತ್ತು ಎಲ್ಲಿಂದಲೋ ಬಂದು ಇಲ್ಲೇ ಉಳಿದ ಎರಡು ಬೆಕ್ಕು.

ಬೆಂಗಳೂರಿನಲ್ಲಿರುವ ಮಗಳು ಅರವತ್ತು ಸಾವಿರ ರೂಪಾಯಿಯ ರೋಬೋ ವ್ಯಾಕ್ಯೂಮ್, ಅಂದರೆ ತಾನೇ ನೆಲದ ಮೇಲೆ ಓಡಾಡಿ ಕಸ ಎಳೆದುಕೊಳ್ಳುವ ಯಂತ್ರ ನೋಡಿಟ್ಟಿದ್ದಳು. ಗುಡಿಸುತ್ತದೆ, ಕಸ ತಾನೇ ಖಾಲಿ ಮಾಡಿಕೊಳ್ಳುತ್ತದೆ, ಒರೆಸುತ್ತದೆ, ಒರೆಸುವ ಬಟ್ಟೆಯನ್ನು ತಾನೇ ತೊಳೆದು ಒಣಗಿಸಿಕೊಳ್ಳುತ್ತದೆ, ಅಡ್ಡ ಬಂದದ್ದನ್ನು ಕ್ಯಾಮೆರಾದಲ್ಲಿ ನೋಡಿ ತಪ್ಪಿಸಿಕೊಂಡು ಹೋಗುತ್ತದೆ. ಅಕ್ಕೋರಿಗೆ ಅಷ್ಟು ದುಡ್ಡು ಸುರಿಯಲು ಮನಸ್ಸಿಲ್ಲ. ಮಿಕ್ಸಿ, ವಾಷಿಂಗ್ ಮಷೀನ್ ರಿಪೇರಿ ಮಾಡುವ ನನ್ನನ್ನು ಕರೆಸಿದರು. ನನಗೆ ನಾಲ್ಕನೇ ಕ್ಲಾಸಿನಲ್ಲಿ ಕಲಿಸಿದವರು. "ಏನಪಾ, ಇದು ನಮ್ಮ ಮನಿಗೆ ಬಾಳಿಕಿ ಬರೂದೇನು? ಇಲ್ಲಾ ಸುಮ್ನ ಆಟಿಗಿ ಸಾಮಾನೇನು?" ಎಂದು ಕೇಳಿದರು.

ಇಂಥ ಪ್ರಶ್ನೆಗೆ ಅಂಗಡಿಯವರು ಮೊದಲು ಹೇಳುವುದು ಪಾಸ್ಕಲ್ ಲೆಕ್ಕ. ಇದು 4000, ಅದು 8000, ಮೇಲಿನದು ಇನ್ನೂ ಜಾಸ್ತಿ. ಪಾಸ್ಕಲ್ ಅಂದರೆ ಒತ್ತಡದ ಅಳತೆ. ಎಷ್ಟು ಜೋರಾಗಿ ಎಳೆಯುತ್ತದೆ ಎಂದು ಅದು ಹೇಳುತ್ತದೆ, ಎಷ್ಟು ಗಾಳಿ ಒಳಗೆ ಹೋಗುತ್ತದೆ ಎಂದು ಹೇಳುವುದಿಲ್ಲ. ಫಿಲ್ಟರ್ ಅರ್ಧ ಕಟ್ಟಿಕೊಂಡರೆ ಡಬ್ಬದ ಮೇಲಿನ ಸಂಖ್ಯೆಗೆ ಬೆಲೆಯೇ ಇಲ್ಲ. ದಪ್ಪ ಕಾರ್ಪೆಟ್ ಇರುವ ಮನೆಗೆ ಆ ಜೋರು ಬೇಕು. ಕಲ್ಲು, ಟೈಲ್ಸ್ ನೆಲಕ್ಕೆ ಎರಡು ಮೂರು ಸಾವಿರ ಧಾರಾಳ ಸಾಕು. ಹಾಗಾಗಿ ಆ ಲೆಕ್ಕ ಬಿಟ್ಟು, ಟೇಪು ಹಿಡಿದು ಮನೆ ಅಳೆಯಲು ಶುರು ಮಾಡಿದೆ.

ಮೊದಲು ಹೊಸ್ತಿಲುಗಳು. ತಲೆಬಾಗಿಲಿನದು ಹಳೆಯ ಕಾಲದ ಎತ್ತರದ ಹೊಸ್ತಿಲು. ಅದು ಒಳ್ಳೆಯದೇ, ಯಂತ್ರ ಕಟ್ಟೆಗೆ ಹೋಗಿ ಬೀಳುವ ಭಯವಿಲ್ಲ. ಪಡಸಾಲೆಗೂ ಮಲಗುವ ಕೋಣೆಗೂ ನಡುವೆ ಒಂದೂವರೆ ಸೆಂಟಿಮೀಟರಿನ ಕಲ್ಲುಪಟ್ಟಿ. ಹೆಚ್ಚಿನ ಯಂತ್ರಗಳು 2 ಸೆಂಟಿಮೀಟರ್ ತನಕ ಹತ್ತುತ್ತವೆ, ಅಲ್ಲಿಗೆ ಸರಿ. ತೊಡಕು ಇದ್ದದ್ದು ಅಡುಗೆಮನೆಯಲ್ಲಿ. ಅದು ಪಡಸಾಲೆಗಿಂತ ಸುಮಾರು 5 ಸೆಂಟಿಮೀಟರ್ ತಗ್ಗು. ಇಳಿದರೂ ಹತ್ತಿ ಬರಲು ಸಾಮಾನ್ಯ ರೋಬೋಗಳಿಗೆ ಆಗದು. ಅಡುಗೆಮನೆಯನ್ನು ಲೆಕ್ಕದಿಂದ ತೆಗೆದುಹಾಕಿದೆವು. ಅಲ್ಲಿ ಹೇಗೂ ನಿಂತೇ ಗುಡಿಸುವ ಉದ್ದ ಹಿಡಿಕೆಯ ಕಸಬರಿಗೆ ಇದೆ.

ಎರಡನೆಯದು ಮಂಚ, ದಿವಾನ. ಮಂಚದ ಕೆಳಗೆ ಬೇಕಾದಷ್ಟು ಜಾಗವಿದೆ. ದಿವಾನದ ಕೆಳಗೆ 9 ಸೆಂಟಿಮೀಟರ್. ಲೇಸರ್ ಬಳಸಿ ಮನೆಯ ನಕ್ಷೆ ಮಾಡಿಕೊಳ್ಳುವ ಯಂತ್ರಗಳ ತಲೆಯ ಮೇಲೆ ಒಂದು ಗುಂಡನೆಯ ಗೋಪುರ ಇರುತ್ತದಲ್ಲ, ಅದು ಸೇರಿ ಎತ್ತರ ಸಾಮಾನ್ಯವಾಗಿ ಒಂಬತ್ತೂವರೆ, ಹತ್ತು ಸೆಂಟಿಮೀಟರ್. ಅಂದರೆ ದಿವಾನದ ಅಡಿಗೆ ಹೋಗುವುದಿಲ್ಲ. ಬೆಕ್ಕುಗಳು ಮಧ್ಯಾಹ್ನ ಮಲಗುವುದು ಅಲ್ಲೇ, ಕೂದಲ ರಾಶಿಯೂ ಅಲ್ಲೇ!

ಗೋಪುರ ಇಲ್ಲದ ತೆಳುವಾದ ಯಂತ್ರಗಳೂ ಇವೆ. ಅವು ಹೆಚ್ಚಾಗಿ ಎರಡು ಬಗೆ. ಅಗ್ಗದವು ಚಕ್ರದ ಸುತ್ತು ಮತ್ತು ಜೈರೋ (ಎಷ್ಟು ತಿರುಗಿದೆ ಎಂದು ಅಳೆಯುವ ಸಾಧನ) ನಂಬಿಕೊಂಡು ಅಂದಾಜಿನ ಮೇಲೆ ಓಡಾಡುತ್ತವೆ. ಬೆಕ್ಕು ಒಮ್ಮೆ ತಳ್ಳಿತೋ, ಎಲ್ಲಿದ್ದೇನೆ ಎನ್ನುವುದೇ ಅವಕ್ಕೆ ಮರೆತುಹೋಗುತ್ತದೆ. ಇನ್ನು ಕೆಲವು ಕ್ಯಾಮೆರಾದಲ್ಲಿ ಚಾವಣಿ, ಗೋಡೆ ನೋಡಿ ದಾರಿ ಹಿಡಿಯುತ್ತವೆ, ಅವಕ್ಕೆ ಬೆಳಕು ಬೇಕು. ದಿವಾನದ ಅಡಿ ಕತ್ತಲೆ. ಲೇಸರ್‌ಗೆ ಕತ್ತಲೆಯ ಹಂಗಿಲ್ಲ, ನಕ್ಷೆಯಲ್ಲಿ 'ಇಲ್ಲಿಗೆ ಬರಬೇಡ' ಎಂದು ಗೆರೆ ಹಾಕಿದರೆ ಮಾತು ಕೇಳುತ್ತದೆ. ಆದ್ದರಿಂದ ಲೇಸರ್ ಯಂತ್ರವೇ ಎಂದು ತೀರ್ಮಾನಿಸಿದೆವು. ದಿವಾನದ ಕಾಲುಗಳಿಗೆ ಬಡಿಗೇರರ ಹತ್ತಿರ ಒಂದೂವರೆ ಇಂಚಿನ ಮರದ ತುಂಡು ಮಾಡಿಸಿ ಕೊಟ್ಟೆ. ಯಂತ್ರಕ್ಕೆ ಮನೆ ಹೊಂದಿಕೊಳ್ಳಬೇಕಾ ಎಂದು ಯಜಮಾನರು ನಕ್ಕರು. ಸ್ವಲ್ಪ ಹೊಂದಿಕೊಳ್ಳಲೇಬೇಕು.

ಇನ್ನು ನೆಲ. ಈ ಪ್ರಕರಣದ ನಿಜವಾದ ತಲೆನೋವು ಇದೇ.

ಮಲಗುವ ಕೋಣೆಗೆ ಟೈಲ್ಸ್. ಪಡಸಾಲೆಗೆ ಬೂದು ಬಣ್ಣದ ಶಹಾಬಾದಿ ಪರಸಿ, ಗೋಡೆಗುಂಟ ಸುತ್ತಲೂ ಒಂದು ಗೇಣು ಅಗಲದ ಕಡಪಾ ಕಲ್ಲಿನ ಕಪ್ಪು ಅಂಚು. ನಮ್ಮ ಕಡೆ ಹಳೆಯ ಮನೆಗಳಲ್ಲಿ ಇದು ಶೋಕಿ. ರೋಬೋಗೆ ಇದು ಪ್ರಪಾತ. ಯಂತ್ರದ ಹೊಟ್ಟೆಯ ಅಂಚಿನಲ್ಲಿ ನಾಲ್ಕಾರು ಸಣ್ಣ ಕಣ್ಣುಗಳಿರುತ್ತವೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನೆಲಕ್ಕೆ ಬಿಟ್ಟು, ಅದು ವಾಪಸ್ ಬಂದರೆ ನೆಲ ಇದೆ, ಬಾರದಿದ್ದರೆ ಮೆಟ್ಟಿಲು ಎಂದು ತಿಳಿಯುತ್ತವೆ. ಕಪ್ಪು ಕಲ್ಲು ಆ ಬೆಳಕನ್ನು ನುಂಗಿಬಿಡುತ್ತದೆ. ಚೆನ್ನಾಗಿ ಪಾಲಿಶ್ ಆದ ಕಲ್ಲಾದರೆ ಬೆಳಕು ಜಾರಿ ಬೇರೆ ಕಡೆಗೇ ಹೋಗುತ್ತದೆ. ಎರಡರಲ್ಲೂ ಯಂತ್ರಕ್ಕೆ ಕಾಣುವುದು ಗುಂಡಿಯೇ.

ಬಾಯಲ್ಲಿ ಹೇಳಿದರೆ ಮಗಳು ನಂಬಲಿಲ್ಲ. ಅಂಗಡಿಯಲ್ಲಿ ಯಾರೋ ಬಿಟ್ಟುಹೋದ ಒಂದು ಹಳೆಯ ರೋಬೋ ಇತ್ತು, ಅದನ್ನೇ ತಂದು ಬಿಟ್ಟೆ. ಪರಸಿಯ ಮೇಲೆ ಗುರ್ ಎಂದು ಹೋಯಿತು. ಕಪ್ಪು ಅಂಚಿಗೆ ಮೂಗು ತಾಗುತ್ತಲೇ ಗಕ್ಕನೆ ನಿಂತಿತು. ಹಿಂದೆ ಸರಿದು, ತಿರುಗಿ, ಮತ್ತೆ ಅಂಚಿಗೆ ಬಂದು ಮತ್ತೆ ನಿಂತಿತು. ಗೋಡೆಯ ಬುಡಕ್ಕೆ ಒಮ್ಮೆಯೂ ಹೋಗಲಿಲ್ಲ. ಫ್ಯಾನಿನ ಗಾಳಿಗೆ ಕೂದಲು ಹೋಗಿ ಕೂರುವುದೋ ಆ ಗೋಡೆಯ ಬುಡದಲ್ಲೇ! ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದ ಮಗಳು ಸುಮ್ಮನಾದಳು. ಅರವತ್ತು ಸಾವಿರದ್ದು ತಂದಿದ್ದರೂ ಹೊಟ್ಟೆಯ ಕೆಳಗೆ ಇರುವುದು ಇದೇ ಬಗೆಯ ಕಣ್ಣುಗಳು.

ಇದಕ್ಕೆ ಒಂದು ಉಪಾಯ ಓಡಾಡುತ್ತಿದೆ: ಆ ಕಣ್ಣುಗಳಿಗೆ ಬಿಳಿ ಕಾಗದ ಅಂಟಿಸುವುದು. ಯಂತ್ರಕ್ಕೆ ಸದಾ ನೆಲ ಇದ್ದಂತೆಯೇ ಕಾಣುತ್ತದೆ, ಕಪ್ಪು ಕಲ್ಲಿನ ಮೇಲೆ ಧೈರ್ಯವಾಗಿ ಓಡುತ್ತದೆ. ಎಲ್ಲೂ ತಗ್ಗಿಲ್ಲದ ಮನೆಗೆ ಪರವಾಗಿಲ್ಲ. ಇಲ್ಲಿ ಅಡುಗೆಮನೆಯ ತಗ್ಗು ಇದೆ. ನಕ್ಷೆಯಲ್ಲಿ ಗೆರೆ ಹಾಕಿದರೂ, ಬೆಕ್ಕು ಹತ್ತಿ ಕೂತಾಗ ಲೆಕ್ಕ ತಪ್ಪಿದರೆ ನೇರ ಕೆಳಗೆ. ನಾನು ಬೇಡ ಎಂದೆ. ಬದಲಿಗೆ, ತೆಗೆದುಕೊಳ್ಳುವಾಗ ಅಂಗಡಿಯವರಿಗೆ ಒಂದು ಷರತ್ತು ಹಾಕಿದೆವು. ಮನೆಯಲ್ಲಿ ಓಡಿಸಿ ನೋಡುತ್ತೇವೆ, ಕಪ್ಪು ಅಂಚು ದಾಟದಿದ್ದರೆ ವಾಪಸ್. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ 'ವಾಪಸ್' ಎಂದಿದೆಯೋ, ಬರೀ 'ಬದಲಿ' ಎಂದಿದೆಯೋ ನೋಡಿಕೊಳ್ಳಿ. ಬದಲಿ ಅಂದರೆ ಅದೇ ಮಾಡೆಲ್ ಇನ್ನೊಂದು ಬರುತ್ತದೆ, ಅದೂ ಅದೇ ಜಾಗದಲ್ಲಿ ನಿಲ್ಲುತ್ತದೆ.

ಧೂಳಿನ ವಿಷಯ ಕೊಪ್ಪಳದವರಿಗೆ ಬಿಡಿಸಿ ಹೇಳಬೇಕಿಲ್ಲ. ಸುತ್ತಲಿನ ಸ್ಪಾಂಜ್ ಐರನ್, ಉಕ್ಕಿನ ಕಾರ್ಖಾನೆಗಳ ಕಪ್ಪು ಬೂದಿ ಮಾಳಿಗೆ ಮೇಲೆ, ಬಟ್ಟೆ ಮೇಲೆ, ಬೆಳೆಯ ಮೇಲೆ ಕೂರುತ್ತದೆ. ಕಾರ್ಖಾನೆ ವಿಸ್ತರಣೆ ಬೇಡ ಎಂದು 2025ರ ಫೆಬ್ರವರಿಯಲ್ಲಿ ಊರೇ ಬಂದ್ ಮಾಡಿ ಬೀದಿಗಿಳಿದಿತ್ತು. ಹಳೆಯ ರೋಬೋ ಒಂದು ಸುತ್ತು ಓಡಿದ ಮೇಲೆ ಅದರ ಡಬ್ಬಿಯನ್ನು ಪೇಪರ್ ಮೇಲೆ ಸುರಿದೆ. ಬಿಳಿ ಕೂದಲ ಉಂಡೆ, ಅದರ ತುಂಬ ಕಪ್ಪು ಹಿಟ್ಟು. ಒಡೆದ ಸ್ಪೀಕರಿನ ಅಯಸ್ಕಾಂತವನ್ನು ಕಾಗದದ ಅಡಿಯಲ್ಲಿ ಹಿಡಿದು ಆಡಿಸಿದರೆ ಆ ಹಿಟ್ಟಿನಲ್ಲಿ ಒಂದಿಷ್ಟು ನೆಟ್ಟಗೆ ಮುಳ್ಳಿನ ಹಾಗೆ ಎದ್ದು ನಿಂತು ಜೊತೆಗೇ ಸರಿಯಿತು. ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಇದನ್ನ ನಾವು ಉಸಿರಾಡಾಕತ್ತೀವಿ ಅಂದಂಗಾತು" ಎಂದರು.

ಇಷ್ಟು ಸಣ್ಣ ಧೂಳಿಗೆ ಫಿಲ್ಟರ್ ಮುಖ್ಯ. ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಬಗೆಯ ಫಿಲ್ಟರ್ ಇರಬೇಕು, ಬಿಡಿಯಾಗಿ ಸಿಗಬೇಕು. ತೊಳೆಯಬಹುದು ಎಂದು ಬರೆದಿದ್ದರೆ ಮಾತ್ರ ತೊಳೆಯಬೇಕು, ಪೂರ್ತಿ ಒಣಗಿದ ಮೇಲೇ ಹಾಕಬೇಕು. ಪ್ರಾಣಿಗಳ ಅಲರ್ಜಿಗೂ ಇದೇ ಮಾತು. ತೊಂದರೆ ಕೊಡುವುದು ಕೂದಲಲ್ಲ, ಚರ್ಮದ ಹೊಟ್ಟು ಮತ್ತು ಎಂಜಲಿನಲ್ಲಿರುವ ಪ್ರೋಟೀನು. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟಿ, ಒಣಗಿ, ಗಾಳಿಗೆ ಏಳುತ್ತದೆ. ಕೂದಲು ಹಿಡಿದು ಹೊಟ್ಟನ್ನು ಹಿಂದಿನಿಂದ ಊದುವ ಯಂತ್ರ ದಮ್ಮಿನವರಿದ್ದ ಮನೆಗೆ ಕಸಬರಿಗೆಗಿಂತ ಮೇಲೇನಲ್ಲ.

ಈಗ ಡಾಕ್ ವಿಚಾರ. ಚಾರ್ಜಿಗೆ ಬಂದು ನಿಂತಾಗ ಯಂತ್ರದ ಹೊಟ್ಟೆಯ ಕಸವನ್ನು ತಾನೇ ಎಳೆದು ಚೀಲಕ್ಕೆ ತುಂಬಿಕೊಳ್ಳುವ ಎತ್ತರದ ಡಾಕ್‌ಗಳಿವೆ. ಸಣ್ಣ ಮನೆಗೆ ಅದು ದಂಡ ಎನ್ನುವುದು ನನ್ನ ಸಾಮಾನ್ಯ ಅಭಿಪ್ರಾಯ. ಜಾಗ ತಿನ್ನುತ್ತದೆ, ಚೀಲಕ್ಕೆ ಆಗಾಗ ದುಡ್ಡು, ಸದ್ದು ಬೇರೆ. ದಿನಕ್ಕೊಮ್ಮೆ ಡಬ್ಬಿ ತೆಗೆದು ತಿಪ್ಪೆಗೆ ಸುರಿಯಲು ಎಷ್ಟು ಹೊತ್ತು? ಆದರೆ ಈ ಮನೆಯಲ್ಲಿ ಅದನ್ನು ಸುರಿಯುವವರು ಯಾರು ಎಂದು ಕೇಳಿಕೊಂಡಾಗ ಲೆಕ್ಕ ತಿರುಗಿತು. ಡಬ್ಬಿ ತೆಗೆಯಲು ನೆಲಕ್ಕೆ ಬಗ್ಗಬೇಕು, ಅಕ್ಕೋರಿಗೆ ಆಗದು. ಸುರಿಯುವಾಗ ಧೂಳು ಏಳುತ್ತದೆ, ಯಜಮಾನರಿಗೆ ಆಗದು. ಇಬ್ಬರಿಗೂ ಆಗದ ಕೆಲಸ ದಿನಾ ಉಳಿದರೆ ಯಂತ್ರ ಒಂದು ತಿಂಗಳಲ್ಲಿ ಅಟ್ಟ ಸೇರುತ್ತದೆ. ಎರಡೂವರೆ, ಮೂರು ಲೀಟರಿನ ಚೀಲವಾದರೆ ಬಾಯಿ ಮುಚ್ಚಿಕೊಂಡೇ ಹೊರಗೆ ಬರುತ್ತದೆ. ಇಲ್ಲಿ ದುಡ್ಡು ಹಾಕಬೇಕಾದದ್ದು ಡಾಕ್‌ಗೇ. ಮಗಳ ಪಟ್ಟಿಯಲ್ಲಿ ನಾನು ಒಪ್ಪಿದ ಒಂದೇ ಐಟಂ ಇದು.

ಒರೆಸುವುದನ್ನು ಕೈಬಿಟ್ಟೆವು. ನಾವು ನೋಡುತ್ತಿದ್ದ ಮೂವತ್ತು ಸಾವಿರದ ಒಳಗಿನ ಯಂತ್ರಗಳು ಒರೆಸುವುದೆಂದರೆ ಒದ್ದೆ ಬಟ್ಟೆಯನ್ನು ಎಳೆದುಕೊಂಡು ಹೋಗುವುದು, ಅಷ್ಟೇ. ಕಪ್ಪು ಧೂಳು ನೀರಿಗೆ ಸಿಕ್ಕರೆ ಪರಸಿಯ ಮೇಲೆ ಗೀರು ಗೀರು ರಾಡಿ. ನಾಯಿಯ ಕೂದಲು ಒದ್ದೆಯಾದರೆ ನೆಲಕ್ಕೇ ಅಂಟುತ್ತದೆ. ಮೇಲೆ ನಮ್ಮ ಬೋರಿನ ನೀರು ಗಡಸು, ಯಂತ್ರದ ನೀರಿನ ತೊಟ್ಟಿಯ ಸಣ್ಣ ತೂತುಗಳಿಗೆ ಉಪ್ಪು ಕಟ್ಟಿಕೊಳ್ಳುತ್ತದೆ. ಬೇಕೇ ಬೇಕು ಅನ್ನುವವರು ಕುಡಿಯುವ ನೀರಿನ ಘಟಕದ ಕ್ಯಾನಿನ ನೀರು ಹಾಕಬೇಕು. ಅಕ್ಕೋರ ಮನೆಗೆ ಒರೆಸಲು ಒಬ್ಬಾಕೆ ಬರುತ್ತಾಳೆ, ಅದು ಹಾಗೇ ನಡೆಯಲಿ ಎಂದೆ.

ಕ್ಯಾಮೆರಾ ಬೇಕೋ ಬೇಡವೋ ಎಂಬುದಕ್ಕೆ ಜೋರು ಚರ್ಚೆ ಆಯಿತು. ಮಗಳ ವಾದದಲ್ಲಿ ಹುರುಳಿತ್ತು. ರಾಣಿಗೆ ವಯಸ್ಸಾಗಿದೆ, ಒಮ್ಮೊಮ್ಮೆ ಒಳಗೇ ಮಾಡಿಬಿಡುತ್ತಾಳೆ. ಯಂತ್ರ ಅದರ ಮೇಲೆ ಹಾದರೆ ಮನೆಯೆಲ್ಲ ಸಾರಿಸಿದಂತೆ. ಇದೇನು ಸಣ್ಣ ಸಮಸ್ಯೆಯಲ್ಲ. 2021ರಲ್ಲಿ ಐರೋಬೋಟ್ ಕಂಪನಿ ತನ್ನ ರೂಂಬಾ ಜೆ7 ಪ್ಲಸ್ ತಂದಾಗ, ಸಾಕುಪ್ರಾಣಿಯ ಕಕ್ಕ ತುಳಿದರೆ ಬೇರೆ ಯಂತ್ರ ಕೊಡುತ್ತೇವೆ ಎಂದೇ ಮಾತು ಕೊಟ್ಟಿತ್ತು. ಆದರೆ ಆ ಮಾತು ಗಟ್ಟಿ ಕಸಕ್ಕೆ ಮಾತ್ರ. ರಾಣಿಯದು ಹೆಚ್ಚಾಗಿ ಉಚ್ಚೆ. ಹೊಳೆಯುವ ಪರಸಿಯ ಮೇಲಿನ ನೀರನ್ನು ಕ್ಯಾಮೆರಾ ಗುರುತಿಸುತ್ತದೆ ಎಂದು ನಾನು ಜವಾಬ್ದಾರಿ ಹೊರಲಾರೆ. ಒದ್ದೆ ಒಳಗೆ ಹೋದರೆ ಫಿಲ್ಟರ್ ಹೋಯಿತು, ಮೋಟರೂ ಹೋಗಬಹುದು. ಅಕ್ಕೋರಿಗೆ ಬೇರೆಯೇ ಚಿಂತೆ: "ಮನ್ಯಾಗ ಸೀರಿ ಉಟಗೊಳ್ಳುಮುಂದ ಕಣ್ಣು ಬಿಟಗೊಂಡು ತಿರಗೂದು ಬ್ಯಾಡಪಾ." ಅದೂ ಸುಮ್ಮನೆ ಭಯವಲ್ಲ. ಪರೀಕ್ಷೆಗೆಂದು ಮನೆಗಳಲ್ಲಿ ಓಡಿಸಿದ ರೋಬೋಗಳು ತೆಗೆದ ಖಾಸಗಿ ಚಿತ್ರಗಳು ಅಂತರ್ಜಾಲಕ್ಕೆ ಸೋರಿದ್ದು 2022ರಲ್ಲಿ ಸುದ್ದಿಯಾಗಿತ್ತು. ಕ್ಯಾಮೆರಾ ಬಿಟ್ಟೆವು. ಬದಲಿಗೆ ಒಂದು ನಿಯಮ: ರಾತ್ರಿ ಟೈಮರ್ ಇಡುವಂತಿಲ್ಲ. ಬೆಳಗ್ಗೆ ರಾಣಿ ಹೊರಗೆ ಹೋಗಿ ಬಂದ ಮೇಲೆ, ಒಮ್ಮೆ ನೆಲ ನೋಡಿ, ಯಂತ್ರದ ಮೇಲಿನ ಗುಂಡಿ ಒತ್ತುವುದು. ಬೆಕ್ಕಿನ ಕಾಳು, ನೀರಿನ ಬಟ್ಟಲು ಮೊದಲೇ ಅಡುಗೆಮನೆಗೆ.

ದೇವರ ಮನೆಯ ಮುಂದೆ ನಕ್ಷೆಯಲ್ಲಿ ಗೆರೆ ಹಾಕಿಸಿದ್ದು ಅಕ್ಕೋರೇ. ನಾಯಿ ಕೂದಲು ತುಂಬಿಕೊಂಡದ್ದು ಅಲ್ಲಿಗೆ ಬರಬಾರದು ಎಂದು. ನನ್ನ ಕಾರಣ ಬೇರೆ: ರಂಗೋಲಿ ಪುಡಿ ಸಣ್ಣ ಕಲ್ಲಿನ ಹಿಟ್ಟು, ಫಿಲ್ಟರಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಗೆರೆ ಒಂದೇ, ಇಬ್ಬರಿಗೂ ಸಮಾಧಾನ.

ಮುಂದೆ ರೋಲರ್, ಅಂದರೆ ಯಂತ್ರದ ಹೊಟ್ಟೆಯಡಿ ತಿರುಗುತ್ತಾ ಕಸ ಎತ್ತುವ ಉರುಳೆ. ಪಮೇರಿಯನ್ ಮೈಮೇಲೆ ಎರಡು ಪದರ ಕೂದಲು, ಮೇಲೆ ಉದ್ದನೆಯದು, ಒಳಗೆ ಹತ್ತಿಯಂಥದು. ಬಿರುಗೂದಲಿನ ಬ್ರಷ್ ಇರುವ ರೋಲರಿಗೆ ಉದ್ದನೆಯದು ಸುತ್ತಿಕೊಂಡು, ಹತ್ತಿಯಂಥದು ಅದರ ಮೇಲೆ ಕೂತು, ಬಿಗಿಯಾದ ಹಗ್ಗವೇ ಆಗುತ್ತದೆ. ರಬ್ಬರ್ ರೋಲರಿನಲ್ಲಿ ಅದು ಕಡಿಮೆ. ಪೂರ್ತಿ ನಿಲ್ಲುವುದಿಲ್ಲ, ಕೂದಲು ರೋಲರಿನ ಎರಡು ತುದಿಗೆ ಸರಿದು ಬೇರಿಂಗಿನ ಹತ್ತಿರ ಸೇರಿಕೊಳ್ಳುತ್ತದೆ. ತುದಿಯ ಮುಚ್ಚಳ ಕೈಯಲ್ಲೇ ಬಿಚ್ಚಲು ಬರುವ ರೋಲರ್ ಇರಬೇಕು. ಇದನ್ನು ಡಬ್ಬದ ಮೇಲೆ ಬರೆದಿರುವುದಿಲ್ಲ, ಬಿಚ್ಚಿಸಿಯೇ ನೋಡಬೇಕು.

ಭಾಗ್ಯನಗರದಲ್ಲಿ ಕೂದಲಿಗೆ ಕೊರತೆಯಿಲ್ಲ ಬಿಡಿ. ಬಾಚಣಿಗೆಗೆ ಬಂದ ಕೂದಲನ್ನು ಊರೂರಿನಿಂದ ತಂದು, ಬಿಡಿಸಿ, ಅಳತೆ ಪ್ರಕಾರ ಜೋಡಿಸಿ ವಿಗ್ ಮಾಡುವವರಿಗೆ ಕಳಿಸುವ ವ್ಯಾಪಾರಕ್ಕೇ ಈ ಊರು ಹೆಸರಾಗಿದೆ. ಪಕ್ಕದ ಮನೆಯ ಹೆಣ್ಣುಮಗಳು ಅದೇ ಕೆಲಸದವಳು. ನಾನು ರೋಲರಿಗೆ ಬ್ಲೇಡ್ ಹಾಕಲು ಹೊರಟಿದ್ದನ್ನು ನೋಡಿ, "ಅಣ್ಣಾ, ರಬ್ಬರ್ ಹರಿತೈತಿ, ತಡಿ" ಎಂದು ದಬ್ಬಣ ತಂದಳು. ಗಂಟಿನ ಅಡಿಗೆ ಮೊನೆ ತೂರಿಸಿ, ಎಳೆಯದೆ, ಸ್ವಲ್ಪ ಸ್ವಲ್ಪ ಎತ್ತುತ್ತಾ ಹೋದಳು. ಗಂಟು ಸಡಿಲಾಗಿ ಬಳೆಯಂತೆ ಇಡಿಯಾಗಿ ಜಾರಿ ಬಂತು. ಈಗ ಅಕ್ಕೋರ ಮನೆಯಲ್ಲಿ ಡಾಕ್ ಪಕ್ಕ ಒಂದು ದಬ್ಬಣ ತೂಗುಬಿದ್ದಿದೆ. ಯಂತ್ರದ ಜೊತೆ ಬಂದ ಪ್ಲಾಸ್ಟಿಕ್ ಕತ್ತಿ ಎಲ್ಲಿದೆಯೋ.

ಕೂದಲು ಕಡಿಮೆ ಮಾಡುವ ಅಗ್ಗದ ದಾರಿ ಇನ್ನೊಂದಿದೆ. ರಾಣಿಯನ್ನು ಕಟ್ಟೆಯ ಮೇಲೆ ಕೂರಿಸಿ ದಿನಾ ಬಾಚುವುದು. ಅಲ್ಲಿ ಬರುವಷ್ಟು ಕೂದಲು ನೆಲಕ್ಕೆ ಬೀಳುವುದೇ ತಪ್ಪುತ್ತದೆ. ಬೇಸಿಗೆಗೆ ಮೈ ಬೋಳಿಸುವವರಿದ್ದಾರೆ, ಅದು ಬೇಡ. ಎರಡು ಪದರದ ಕೂದಲು ಮತ್ತೆ ಸರಿಯಾಗಿ ಬರದೇ ಹೋಗಬಹುದು. ಮೊಂಡು ಕೂದಲು ಚಾಪೆಗೆ ಚುಚ್ಚಿಕೊಂಡರೆ ಯಾವ ಯಂತ್ರಕ್ಕೂ ಏಳುವುದಿಲ್ಲ.

ಕರೆಂಟಿನ ಬಗ್ಗೆ ಯಜಮಾನರು ಕೇಳಿದರು. 14.4 ವೋಲ್ಟಿನ 5200 ಎಂಎಎಚ್ ಬ್ಯಾಟರಿ ತುಂಬಿದರೆ ಸುಮಾರು 75 ವ್ಯಾಟ್ ಅವರ್ (ಸಾವಿರ ವ್ಯಾಟ್ ಅವರ್ ಅಂದರೆ ಒಂದು ಯೂನಿಟ್). ಚಾರ್ಜಿಂಗ್ ನಷ್ಟ ಸೇರಿಸಿ ದಿನಾ ಪೂರ್ತಿ ಖಾಲಿ ಮಾಡಿದರೂ ತಿಂಗಳಿಗೆ ಮೂರು ಯೂನಿಟ್ ಆಸುಪಾಸು. ಜೆಸ್ಕಾಂ ಬಿಲ್ಲಿನಲ್ಲಿ ಗೊತ್ತೇ ಆಗದು. ಕರೆಂಟ್ ಹೋದರೆ ಯಂತ್ರ ಓಡುತ್ತದೆ, ರೂಟರ್ ಸತ್ತು ಆ್ಯಪ್ ಮಾತ್ರ ನಿಲ್ಲುತ್ತದೆ. ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ಇಟ್ಟರೇ ಹೆಚ್ಚಿನವು ಹಿಡಿಯುವುದು, ಜೋಡಿಸುವಾಗ ನೆನಪಿರಲಿ. ಭಯವಿರುವುದು ಬಿಸಿಲಿಗೆ. ಲಿಥಿಯಂ ಬ್ಯಾಟರಿಗೆ 40 ಡಿಗ್ರಿ ಮೇಲೆ ಚಾರ್ಜ್ ಆಗುವುದು ಒಳ್ಳೆಯದಲ್ಲ, ನಮ್ಮ ಏಪ್ರಿಲ್, ಮೇ ಹೇಗಿರುತ್ತದೆ ಗೊತ್ತಲ್ಲ. ಡಾಕ್ ಅನ್ನು ಪಡುವಣ ಕಿಟಕಿಯಿಂದ ತೆಗೆಸಿ, ಮಲಗುವ ಕೋಣೆಯ ತಂಪು ಮೂಲೆಗೆ ಇಡಿಸಿದೆ. ಕಸ ಎಳೆಯುವಾಗಿನ ಆ ಭರ್ ಎಂಬ ಸದ್ದು ರಾಣಿಯ ಜಾಗದಿಂದಲೂ ದೂರವಾಯಿತು.

ಕೊನೆಗೆ ತಂದದ್ದು ಲೇಸರ್, ರಬ್ಬರ್ ರೋಲರ್, ಚೀಲದ ಡಾಕ್ ಇರುವ, ಮೂವತ್ತು ಸಾವಿರದ ಒಳಗಿನ ಯಂತ್ರ. ಮಾಡೆಲ್ ಹೆಸರು ಹೇಳಿ ಉಪಯೋಗವಿಲ್ಲ, ಮುಂದಿನ ವರ್ಷ ಅದು ಮಾರುಕಟ್ಟೆಯಲ್ಲೇ ಇರಲಿಕ್ಕಿಲ್ಲ. ಉಳಿದ ದುಡ್ಡಿನಲ್ಲಿ ಎರಡು ಫಿಲ್ಟರ್, ಪಕ್ಕದ ಬ್ರಷ್, ವರ್ಷಕ್ಕೆ ಸಾಕಾಗುವ ಚೀಲ ಮೊದಲೇ ತರಿಸಿದೆವು. ರಿಪೇರಿಗೆ ಹೆಚ್ಚಾಗಿ ಬೆಂಗಳೂರಿಗೋ ಹೈದರಾಬಾದಿಗೋ ಕಳಿಸಬೇಕು, ಅದಕ್ಕೆ ದೊಡ್ಡ ಡಬ್ಬ ಎಸೆಯಬೇಡಿ ಎಂದಿದ್ದೇನೆ.

ಕಪ್ಪು ಅಂಚನ್ನು ದಾಟಿತಾ? ದಾಟಿತು, ಮುಕ್ಕಾಲು ಪಾಲು. ಓಡಾಡಿ ಸವೆದು ಬೂದು ತಿರುಗಿದ ಕಲ್ಲಿನ ಮೇಲೆ ಸಲೀಸಾಗಿ ಹೋಗುತ್ತದೆ. ದಿವಾನದ ಹಿಂದೆ, ಯಾರೂ ಕಾಲಿಡದೆ ಪಾಲಿಶ್ ಉಳಿದ ಜಾಗದಲ್ಲಿ ಇವತ್ತಿಗೂ ನಿಂತು ತಿರುಗುತ್ತದೆ. ವಾರಕ್ಕೊಮ್ಮೆ ಅಲ್ಲಿ ಉದ್ದ ಹಿಡಿಕೆಯ ಕಸಬರಿಗೆ ಆಡಿಸಬೇಕು. ಅಷ್ಟಕ್ಕೆ ವಾಪಸ್ ಕೊಡುವುದು ಬೇಡ ಎಂದು ಅಕ್ಕೋರೇ ಹೇಳಿದರು. ಬೆಕ್ಕುಗಳಲ್ಲಿ ಒಂದು ಯಂತ್ರ ಕಂಡರೆ ಕಪಾಟು ಏರುತ್ತದೆ. ಇನ್ನೊಂದು ಅದರ ಮೇಲೇ ಕೂತು ಸವಾರಿ ಮಾಡುತ್ತದೆ, ಗೋಪುರ ಒತ್ತಿದಾಗ ಯಂತ್ರ ನಿಂತು ಕೂಗುತ್ತದೆ. ಇದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಇದನ್ನೆಲ್ಲ ನೋಡಿದ ಓಣಿಯ ನೇಕಾರರೊಬ್ಬರು ತಮಗೂ ಒಂದು ಕೊಡಿಸು ಎಂದರು. ಅವರದೂ ಇಷ್ಟೇ ಮನೆ, ಒಂದು ಬೆಕ್ಕೂ ಇದೆ. ಹೋಗಿ ಮಗ್ಗದ ಕೋಣೆ ನೋಡಿ ಬೇಡ ಎಂದೆ. ನೆಲದ ತುಂಬ ನೂಲಿನ ತುಂಡು. ಕೂದಲು ಬೇರಿಂಗಿಗೆ ಸೇರಲು ವಾರ ಹಿಡಿದರೆ ನೂಲಿಗೆ ಒಂದು ಬೆಳಗು ಸಾಕು. ಅವರಿಗೆ ಕೈಯಲ್ಲಿ ಹಿಡಿಯುವ ಸಾದಾ ವ್ಯಾಕ್ಯೂಮ್ ಹೇಳಿದ್ದೇನೆ, ಬ್ರಷ್ ಇಲ್ಲದ ಬರಿಯ ಕೊಳವೆಯದು.